ಕಾಯುವವರ ಪುಸ್ತಕ

ಫ್ಲೆಕ್ಸಿನ ಮೂರು ಮೂಲೆಗಳನ್ನು ಕಟ್ಟಿ ಆಗಿತ್ತು. ನಾಲ್ಕನೆಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ರೂಪೇಶ ಏಣಿ ಹತ್ತುತ್ತಿದ್ದಾಗ, ಜಗಲಿಯಲ್ಲಿ ಗಂಡನ ತಲೆಯ ಪಕ್ಕ ಕುಳಿತಿದ್ದ ಶೀಲಾವತಿ ಕೇಳಿದಳು.

“ಅದು ಯಾರು, ರೂಪೇಶ?”

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಗೋದಾವರಿ ಬೆಳಗಿನಿಂದ ಯಾರೂ ಹೇಳದೆಯೇ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದವಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಶೀಲಾವತಿಯ ಭುಜದ ಮೇಲಿಟ್ಟಳು.

“ತೀರ್ಥಣ್ಣ ಅಲ್ವಾ ಅಕ್ಕ. ನೋಡಿ, ಎಷ್ಟು ಚಂದ ಬಂದಿದೆ.”

ಶೀಲಾವತಿ ನೋಡಿದಳು. ಹಾಲಿನ ಕೆನೆಯ ಬಣ್ಣದ ಮುಖ. ಕಪ್ಪು ಕೋಟು, ಕೆಂಪು ಟೈ. ಬೆನ್ನ ಹಿಂದೆ ನೀಲಿ ಸರೋವರ, ಅದರಾಚೆ ಹಿಮದ ಬೆಟ್ಟ. ಮುಚ್ಚಿದ ತುಟಿಗಳ ನಡುವೆ ಯಾರೋ ತೆಳ್ಳಗೆ ಎಳೆದಿಟ್ಟ ಒಂದು ನಗು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಕಿರಣ ಸ್ಟುಡಿಯೋ ತೀರ್ಥರಾಮ, ಬೆಳ್ಳಾರೆ. ಮತ್ತೆ ಹುಟ್ಟಿ ಬನ್ನಿ.’

ಆಮೇಲೆ ಅವಳು ತನ್ನ ಮುಂದೆ ಚಾಪೆಯ ಮೇಲೆ ಮಲಗಿದ್ದವನನ್ನು ನೋಡಿದಳು. ಹುರಿದ ಕಾಫಿ ಬೀಜದ ಬಣ್ಣ. ಎಡ ಕೆನ್ನೆಯ ಮೇಲೆ ಚಿಕ್ಕಂದಿನ ಸಿಡುಬಿನ ಎರಡು ಗುಳಿ. ಹಳೆಯ ಡಾರ್ಕ್‌ರೂಮಿನಲ್ಲಿ ಫಿಲಂ ತೊಳೆಯುವ ಮದ್ದು ಹತ್ತಿ ಕಂದಾದ ಬಲಗೈಯ ಬೆರಳುಗಳು; ಆ ಕೋಣೆ ಮುಚ್ಚಿ ಇಪ್ಪತ್ತು ವರ್ಷವಾದರೂ ಬಣ್ಣ ಹೋಗಿರಲಿಲ್ಲ. ನಿನ್ನೆ ಸಂಜೆ, ಮನೆಯ ಮುಂದೆಯೇ ರಸ್ತೆಬದಿಗಿದ್ದ ಸ್ಟುಡಿಯೋದ ಬೆಂಚಿನ ಮೇಲೆ ಕುಳಿತಲ್ಲೇ ಗೋಡೆಗೆ ಒರಗಿದವನು, ಅವಳು ಕಾಫಿ ತರುವಾಗ ಹಾಗೆಯೇ ಇದ್ದ.

“ಭಾವ, ಅದನ್ನು ಬಿಚ್ಚಲಿಕ್ಕೆ ಹೇಳಿ,” ಎಂದಳು.

ತೀರ್ಥರಾಮನ ಅಣ್ಣ ಮಹೇಶ್ವರ ಗೌಡರು ಅಂಗಳದಲ್ಲಿ ಚಟ್ಟದ ಬಿದಿರು ಅಳೆಸುತ್ತಿದ್ದರು. ಎಪ್ಪತ್ತಾರರ ವಯಸ್ಸು, ಮನೆತನದ ಮದುವೆ, ಸಾವು ಎಲ್ಲ ಅವರ ಬಾಯಿಂದ ಒಂದು ಮಾತು ಬಿದ್ದ ಮೇಲೆಯೇ ನಡೆಯುವುದು.

“ಎಂತ ಬಿಚ್ಚುದು?”

“ಆ ಫ್ಲೆಕ್ಸು. ಅದು ಇವರಲ್ಲ.”

“ಇವತ್ತು ಅದೆಲ್ಲ ಮಾತಾಡುವ ಹೊತ್ತಾ ಶೀಲಾ? ಹನ್ನೊಂದಕ್ಕೆ ಎತ್ತಬೇಕು. ಸೌದೆ ತೋಟಕ್ಕೆ ಹೋಗಿ ಆಗಿದೆ.”

“ಎತ್ತುವ ಮೊದಲು ಬಿಚ್ಚಲಿ. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ್ದನ್ನೂ, ಮಾರ್ಕೆಟ್ಟಿನ ಎದುರು ಕಟ್ಟಿದ್ದನ್ನೂ. ಅಲ್ಲಿಯವರೆಗೆ ನಾನು ಇವರನ್ನು ಎತ್ತಲಿಕ್ಕೆ ಬಿಡುದಿಲ್ಲ.”

ಅಂಗಡಿಯಲ್ಲಿ ಉಪ್ಪು ಕೇಳುವಾಗ ಎಷ್ಟು ಗಟ್ಟಿಯಾಗಿ ಮಾತಾಡುತ್ತಾಳೋ ಅಷ್ಟೇ ಗಟ್ಟಿಯಾಗಿ ಹೇಳಿದಳು. ಹಾಗಾಗಿ ಅದು ದುಃಖದ ಮಾತಲ್ಲ ಎಂದು ಎಲ್ಲರಿಗೂ ತಿಳಿಯಿತು. ರೂಪೇಶ ಏಣಿಯ ನಡುವೆ ನಿಂತುಬಿಟ್ಟ. ನಾಲ್ಕನೆಯ ಹಗ್ಗ ಇನ್ನೂ ಬಾಯಲ್ಲೇ ಇತ್ತು.

* * *

ಮೊದಲ ಸಲ ಆ ಸ್ಟುಡಿಯೋಗೆ ಬಂದಾಗ ಶೀಲಾವತಿಗೆ ಇಪ್ಪತ್ತೊಂದು. ಅಪ್ಪ ಅವಳನ್ನು ಕುಂಬ್ರದಿಂದ ಬಸ್ಸಿನಲ್ಲಿ ಬೆಳ್ಳಾರೆಗೆ ಕರೆತಂದಿದ್ದರು. ಪುತ್ತೂರಿನಲ್ಲಿ ತೆಗೆಸಿದರೆ ಗುರುತಿನವರು ಸಿಗುತ್ತಾರೆ, ಯಾತಕ್ಕೆ ಫೋಟೋ ಎಂದು ಕೇಳುತ್ತಾರೆ ಎನ್ನುವ ಸಂಕೋಚ ಅವರಿಗೆ.

“ಗಂಡಿನವರಿಗೆ ಕಳಿಸಲಿಕ್ಕೆ,” ಎಂದು ಅಪ್ಪ ದನಿ ತಗ್ಗಿಸಿ ಹೇಳಿದರು. “ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ.”

ಆ ಕಾಲದಲ್ಲಿ ನೆಗೆಟಿವಿನ ಮೇಲೆ ಸಣ್ಣ ಮೊನೆಯ ಪೆನ್ಸಿಲು ಆಡಿಸಿದರೆ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತಿತ್ತು. ಎಲ್ಲ ಸ್ಟುಡಿಯೋದವರೂ ಮಾಡುತ್ತಿದ್ದರು.

“ಬೆಳ್ಳಗೆ ಮಾಡುದು ಕಷ್ಟ ಅಲ್ಲ,” ಎಂದ ಫೋಟೋಗ್ರಾಫರ್, ಕ್ಯಾಮರಾದ ಕಾಲು ಸರಿ ಮಾಡುತ್ತಾ. “ಆದರೆ ಮದುವೆ ದಿವಸ ಆ ಹುಡುಗಿಯನ್ನು ಎಲ್ಲಿಂದ ತರುದು?”

ಅಪ್ಪ ಸಿಟ್ಟಿನಿಂದ ಹೊರಗೆ ಹೋಗಿ ಬೀಡಿ ಹಚ್ಚಿದರು. ಅವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಲಿಲ್ಲ. ಬೆಂಚಿನ ಮೇಲೆ ಕೂರಿಸಿ, ಕಪಾಟಿನಿಂದ ಅಗಲವಾದ ಒಂದು ಪುಸ್ತಕ ತೆಗೆದು ಮಡಿಲಲ್ಲಿಟ್ಟ. “ನೋಡ್ತಾ ಇರಿ. ಅವಸರ ಇಲ್ಲ.”

ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ. ಯಾವುದೋ ಕಡಲತೀರದ ಉಪ್ಪಿನ ಗದ್ದೆಗಳು. ಪುಟದ ತುದಿಯಿಂದ ತುದಿಗೆ ಬಿಳಿ ಉಪ್ಪು, ಅದರ ನಡುವೆ ಕಪ್ಪು ಹೆಂಗಸರು. ಬುಟ್ಟಿ ಹೊತ್ತವರು, ಗೋರುವವರು, ರಾಶಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದವರು. ಅವರ ತೋಳು, ಕುತ್ತಿಗೆ, ಹಿಮ್ಮಡಿ ಎಲ್ಲ ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಹೊಳೆಯುತ್ತಿದ್ದವು. ಅಷ್ಟು ಬಿಳಿಯ ನಡುವೆ ಕಣ್ಣು ಹೋಗುತ್ತಿದ್ದದ್ದು ಅವರ ಕಡೆಗೇ. ತನ್ನ ಬಣ್ಣದವರನ್ನು ಇಷ್ಟು ಹೊತ್ತು ಸುಮ್ಮನೆ ನೋಡುತ್ತಾ ಕೂರುವುದಕ್ಕಾಗಿ ಯಾರೋ ಪುಸ್ತಕ ಮಾಡಿದ್ದಾರೆ ಎಂಬುದು ಅವಳಿಗೆ ನಂಬಲಾಗಲಿಲ್ಲ. ಎಲ್ಲಿ ಕುಳಿತಿದ್ದೇನೆ, ಯಾಕೆ ಬಂದಿದ್ದೇನೆ ಎಂಬುದು ಮರೆತುಹೋಯಿತು.

“ಇವರಿಗೆ ಕಾಲು ಉರಿಯುದಿಲ್ವಾ?” ಎಂದು ಕೇಳಲು ಅವಳು ತಲೆಯೆತ್ತಿದಳು. ಆಗ ಕ್ಯಾಮರಾ ಸದ್ದು ಮಾಡಿತು.

ಆ ಫೋಟೋವನ್ನು ಮೂರು ಗಂಡಿನವರು ವಾಪಸು ಕಳಿಸಿದರು. ನಾಲ್ಕನೆಯ ಪ್ರತಿ ಸ್ಟುಡಿಯೋದ ಗಾಜಿನ ಶೋಕೇಸಿನಲ್ಲಿ ಉಂಟು ಎಂದು ಯಾರೋ ಬಂದು ಹೇಳಿದಾಗ ಅಪ್ಪ ಕೆಂಡವಾಗಿ ಬೆಳ್ಳಾರೆಗೆ ಹೋದರು. ಮದುವೆಯಾಗದ ಹುಡುಗಿಯ ಪಟ ರಸ್ತೆಯ ಕಡೆ ಮುಖ ಮಾಡಿ ಇಡುವುದುಂಟೇ? ತೀರ್ಥರಾಮ ತೆಗೆದುಕೊಟ್ಟ. ಹದಿನೈದು ದಿನದ ಮೇಲೆ ಅಣ್ಣ ಮಹೇಶ್ವರನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದ. ಹುಡುಗಿಯನ್ನು ಕರೆಯಲಾ ಎಂದು ಅಪ್ಪ ಕೇಳಿದಾಗ, “ಇವ ನೋಡಿ ಆಗಿದೆಯಂತೆ. ಇನ್ನು ನಮಗೆ ಎಂತ ಕೆಲಸ, ಕಾಫಿ ಕೊಡಿ,” ಎಂದದ್ದು ಇದೇ ಮಹೇಶ್ವರ ಗೌಡರು.

* * *

“ಅವಳಿಗೆ ತಲೆ ಸರಿ ಇಲ್ಲ ಈಗ. ನೀನು ಕಟ್ಟು,” ಎಂದರು ಮಹೇಶ್ವರ ಗೌಡರು ಮಗ ರೂಪೇಶನಿಗೆ.

ರೂಪೇಶ ಕಟ್ಟಲಿಲ್ಲ, ಇಳಿಯಲೂ ಇಲ್ಲ. ಸುಳ್ಯದಲ್ಲಿ ಅವನದೇ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಕ್ಯಾಮರಾ ಹಿಡಿಯಲು ಕಲಿತದ್ದು ಚಿಕ್ಕಪ್ಪನಿಂದಲೇ. ತೀರ್ಥರಾಮನಿಗೆ ಮಕ್ಕಳಿಲ್ಲದ್ದರಿಂದ ಇವತ್ತು ಬೆಂಕಿಯ ಮಡಕೆ ಹಿಡಿಯಬೇಕಾದವನೂ ಅವನೇ.

ಅಷ್ಟರಲ್ಲಿ ಮೀನು ಮಾರುವ ನವಾಝ್ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ ಅಂಗಳಕ್ಕೆ ಬಂದ. ಇವತ್ತು ಬೈಕಿನ ಹಿಂದೆ ಪೆಟ್ಟಿಗೆ ಇರಲಿಲ್ಲ. ಒಗೆದ ಅಂಗಿ ಹಾಕಿದ್ದ. ಫ್ಲೆಕ್ಸಿನ ಮುಂದೆ ಒಂದು ಕ್ಷಣ ನಿಂತು, ಜಗಲಿಯ ಕಡೆ ನೋಡಿ, ಮತ್ತೆ ಫ್ಲೆಕ್ಸ್ ನೋಡಿದ.

“ಮಾರ್ಕೆಟ್ಟಿನ ಎದುರು ಇದನ್ನು ನೋಡಿ ನಾನು ನಿಲ್ಲಿಸದೆ ಬಂದೆ ಅಕ್ಕ,” ಎಂದ ಮೆಲ್ಲಗೆ. “ಯಾರೋ ಬ್ಯಾಂಕಿನ ಮೆನೇಜರ್ ಹೋದದ್ದು ಅಂತ. ಆಚೆ ಹೋಟೆಲಿನವರು ಹೇಳಿದ ಮೇಲೆ ಅದು ತೀರ್ಥಣ್ಣ ಅಂತ ಗೊತ್ತಾದದ್ದು.”

ಯಾರೋ ಹೆಂಗಸು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೀಲಾವತಿ ನಗಲಿಲ್ಲ. “ಕೇಳಿದಿರಾ ಭಾವ?” ಎಂದಳು.

ರೂಪೇಶ ಏಣಿ ಇಳಿದು ಜಗಲಿಯ ಹತ್ತಿರ ಬಂದ. ಕಣ್ಣು ಕೆಂಪಗಿದ್ದವು, ರಾತ್ರಿಯೆಲ್ಲ ಅವನು ಇದಕ್ಕೇ ಕುಳಿತಿದ್ದ.

“ಚಿಕ್ಕಮ್ಮ, ನೀವು ಫೋನಿನಲ್ಲಿ ಕಳಿಸಿದ್ದು ಒಂದೇ ಫೋಟೋ. ಅದರಲ್ಲಿ ಬನಿಯನ್ ಹಾಕಿದ್ದಾರೆ. ಬಾಯಲ್ಲಿ ಎದುರಿನ ಹಲ್ಲಿಲ್ಲ. ಕನ್ನಡಕ ಹಣೆಯ ಮೇಲೆ ಉಂಟು. ಅದನ್ನು ಹೇಗೆ ಹಾಕುದು? ಚಿಕ್ಕಪ್ಪ ಒಂದು ಒಳ್ಳೆ ಅಂಗಿ ಹಾಕಿದ್ದನ್ನು ನಾನು ಹುಟ್ಟಿದ ಮೇಲೆ ನೋಡಲಿಲ್ಲ. ಊರಿನವರೆಲ್ಲ ಬರುವ ದಿವಸ ಆದರೂ ಒಂದು ಕೋಟು ಇರಲಿ ಅಂತ…”

ಶೀಲಾವತಿ ಕೈ ಚಾಚಿ ಅವನ ಮೊಣಕೈ ಮುಟ್ಟಿದಳು. ಅಂಗಿಯ ತೋಳಿಗೆ ಶಾಯಿ ಹತ್ತಿತ್ತು.

“ನೀನು ಪ್ರೀತಿಯಿಂದಲೇ ಮಾಡಿದ್ದು ಮಗ. ನನಗೆ ಗೊತ್ತುಂಟು. ಆದರೂ ಬಿಚ್ಚು.”

“ಇದೇ ಹಟ ಅವನದ್ದೂ,” ಎಂದರು ಮಹೇಶ್ವರ ಗೌಡರು, ಬಿದಿರನ್ನು ನೆಲಕ್ಕೆ ಹಾಕಿ. “ನನ್ನ ದೊಡ್ಡ ಮಗಳ ಮದುವೆಗೆ ಆಲ್ಬಂ ಮಾಡಿದ. ಒಂದು ಸ್ವಲ್ಪ ಬೆಳ್ಳಗೆ ಮಾಡು ಮಾರಾಯ, ಗಂಡಿನ ಕಡೆಯವರು ದೊಡ್ಡ ಜನ ಅಂತ ಕಾಲು ಹಿಡಿಯುದು ಒಂದು ಬಾಕಿ. ಕೇಳಿದನಾ? ಆರು ವರ್ಷ ನಮ್ಮೊಳಗೆ ಮಾತಿರಲಿಲ್ಲ. ಅವನ ಕ್ಯಾಮರಾದ ಎದುರು ಮತ್ತೆ ನಾನು ನಿಲ್ಲಲೂ ಇಲ್ಲ. ಅದರಿಂದ ಅವನಿಗೆ ಎಂತ ಸಿಕ್ಕಿತು? ಮದುವೆ ಕೆಲಸ ಎಲ್ಲ ಪುತ್ತೂರಿನವರ ಪಾಲಾಯಿತು. ಕಡೆಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ, ಮತ್ತೆ ಆ ಹಳೇ ಪುಸ್ತಕಗಳು.”

“ಹೌದು. ಪುಸ್ತಕ,” ಎಂದಳು ಶೀಲಾವತಿ. “ಅಂಗಡಿಯ ಬೀಗದ ಕೈ ಕೊಡಿ.”

ಬೆಳಿಗ್ಗೆ ಸ್ನಾನ ಮಾಡಿಸುವಾಗ ತೀರ್ಥರಾಮನ ಉಡಿದಾರದಿಂದ ಬಿಚ್ಚಿದ ಬೀಗದ ಕೈ ಮಹೇಶ್ವರ ಗೌಡರ ಅಂಗಿಯ ಜೇಬಿನಲ್ಲಿತ್ತು. ಅವರು ಜೇಬಿನ ಮೇಲೆ ಅಂಗೈ ಇಟ್ಟುಕೊಂಡರು.

“ಸೂತಕದ ದಿವಸ ಅಂಗಡಿ ಬಾಗಿಲು ತೆಗೆಯುದಾ? ಹದಿಮೂರು ದಿವಸ ಕಳೆಯಲಿ. ಜನ ಎಂತ ಹೇಳ್ಲಿಕ್ಕಿಲ್ಲ?”

“ಇವರು ಹೋದದ್ದು ಅಂಗಡಿಯ ಒಳಗೇ ಭಾವ. ಸೂತಕ ಶುರುವಾದದ್ದೇ ಅಲ್ಲಿ. ಕೊಡಿ.”

ಅವಳು ಎದ್ದು ನಿಂತಳು. ಹೆಣ ಎತ್ತುವವರೆಗೆ ಹೆಂಡತಿ ಪಕ್ಕದಿಂದ ಏಳುವ ಕ್ರಮ ಇರಲಿಲ್ಲ. ರಾತ್ರಿಯಿಂದ ಮಡಚಿಕೊಂಡೇ ಇದ್ದ ಅವಳ ಮೊಣಕಾಲು ಹಿಡಿದುಕೊಂಡಿತ್ತು. ಒಂದು ಹೆಜ್ಜೆ ಇಟ್ಟವಳು ವಾಲಿದಳು. ಆಗ ಬಿಳಿ ಸೀರೆಯ ಒಬ್ಬ ಮುದುಕಿ ಮುಂದೆ ಬಂದು ಅವಳ ತೋಳನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡರು. ಕಡಬದ ಕಡೆಯ ರಬ್ಬರ್ ತೋಟದ ಲೀಲಾಮ್ಮ. ಹುಡುಗಿಯಾಗಿದ್ದಾಗ ಕೇರಳದಿಂದ ಲಾರಿಯಲ್ಲಿ ಬಂದವರು. ಮಗ ಸಜಿಯ ಜೀಪಿನಲ್ಲಿ ಆಗಷ್ಟೇ ಬಂದಿಳಿದಿದ್ದರು.

“ನಡಿ ಮೋಳೇ,” ಎಂದರು, ಮಗಳನ್ನು ಕರೆಯುವ ಹಾಗೆ. “ನನಗೂ ಬೆಂಚಿನ ಹತ್ತಿರ ಹೋಗಬೇಕು.”

ಮಹೇಶ್ವರ ಗೌಡರು ಇಬ್ಬರು ಮುದುಕಿಯರನ್ನೂ ನೋಡಿದರು. ಬೀಗದ ಕೈ ತೆಗೆದು ಕೊಟ್ಟರು. ಅವಳ ಕೈಯಲ್ಲಿ ಇಡಲಿಲ್ಲ, ಜಗಲಿಯ ತುದಿಯಲ್ಲಿಟ್ಟರು.

* * *

ಸ್ಟುಡಿಯೋದ ಕಪಾಟಿನಲ್ಲಿದ್ದದ್ದು ಒಟ್ಟು ಹನ್ನೊಂದು ಪುಸ್ತಕ. ಎಲ್ಲವೂ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಸುಮ್ಮನೆ ಜನರ ಫೋಟೋ ತೆಗೆದವರ ಪುಸ್ತಕಗಳು. ಮೊದಲನೆಯದು ಮಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕಿದ್ದು. ಒಂದು, ಗುಂಡ್ಯದ ಹತ್ತಿರ ಕಾರು ಕೆಟ್ಟು ಎರಡು ದಿನ ನಿಂತ ಯಾರೋ ವಿದೇಶಿ ಬಿಟ್ಟುಹೋದದ್ದು. ಮತ್ತೊಂದು, ಲೀಲಾಮ್ಮನ ಮಗ ಸಜಿ ದುಬೈಯಿಂದ ಸೋಪು, ಟಾರ್ಚಿನ ಜೊತೆ ತಂದದ್ದು. ಯಾವುದರ ಹೆಸರನ್ನೂ ಬೆಳ್ಳಾರೆಯಲ್ಲಿ ಯಾರೂ ಓದಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ. ಮೀನಿನ ಪುಸ್ತಕ, ಉಪ್ಪಿನ ಪುಸ್ತಕ, ಗಿರಣಿ ಪುಸ್ತಕ, ಅಮ್ಮಚ್ಚಿಯರ ಪುಸ್ತಕ.

ಫೋಟೋಕ್ಕೆಂದು ಬಂದವರನ್ನು ತೀರ್ಥರಾಮ ಮೊದಲು ಬೆಂಚಿನ ಮೇಲೆ ಕೂರಿಸಿ ಒಂದು ಪುಸ್ತಕ ಕೊಡುತ್ತಿದ್ದ. ರೇಷನ್ ಕಾರ್ಡಿಗಾದರೂ ಸರಿ, ಗಲ್ಫಿಗಾದರೂ ಸರಿ. ಕ್ಯಾಮರಾ ಕಂಡ ಕೂಡಲೇ ಮನುಷ್ಯ ತನ್ನ ಮುಖವನ್ನು ಎಲ್ಲೋ ಒಳಗಿಟ್ಟು ಬೇರೊಂದನ್ನು ತರುತ್ತಾನೆ, ಅದನ್ನು ತೆಗೆದು ಏನು ಮಾಡುವುದು ಎನ್ನುತ್ತಿದ್ದ. ಪುಸ್ತಕದಲ್ಲಿ ಮುಳುಗಿದವರು ಏನನ್ನೋ ಕೇಳಲು ತಲೆಯೆತ್ತುತ್ತಾರಲ್ಲ, ಆಗ ಇರುವುದು ಅವರದೇ ಮುಖ. ಅದಕ್ಕಾಗಿ ಅವನು ಅರ್ಧ ಗಂಟೆ ಬೇಕಾದರೂ ಕಾಯುತ್ತಿದ್ದ. ಹೀಗೆ ತೆಗೆದ ಪಾಸ್‌ಪೋರ್ಟ್ ಫೋಟೋ ನಕ್ಕಿದೆ ಎಂದು ಎರಡು ಸಲ ವಾಪಸು ಬಂದಿತ್ತು.

ಪುಸ್ತಕ ಮುಟ್ಟುವ ಮೊದಲು ಕೈ ತೊಳೆಯಿರಿ ಎಂದು ಅವನು ಯಾರಿಗೂ ಹೇಳಿದವನಲ್ಲ. ಎಲೆಯಡಿಕೆಯ ಕೆಂಪು, ಅಡುಗೆಮನೆಯ ಅರಸಿನ, ರಬ್ಬರ್ ಹಾಲಿನ ಕಲೆ ಎಲ್ಲ ಪುಟಗಳ ಅಂಚಿನಲ್ಲಿದ್ದವು. ಮೊದಲ ಸಲ ಬಂದ ನವಾಝ್ ಬಾಗಿಲಲ್ಲೇ ನಿಂತು, “ಕೈ ವಾಸನೆ ಉಂಟು ತೀರ್ಥಣ್ಣ, ಪುಸ್ತಕ ಬೇಡ,” ಎಂದಿದ್ದ. ಯಾವುದೋ ಚಳಿದೇಶದ ಬಂದರಿನಲ್ಲಿ ಬಲೆ ಎಳೆಯುವವರ ಪುಸ್ತಕವನ್ನು ತೀರ್ಥರಾಮ ಅವನ ಕೈಯಲ್ಲಿಟ್ಟು, “ಮೀನಿನ ಪುಸ್ತಕ ಮೀನಿನ ಕೈಗೇ ಸರಿ,” ಎಂದ. ಅಲ್ಲಿಂದ ಮುಂದೆ ನವಾಝ್ ಫೋಟೋ ಬೇಡದ ದಿನವೂ ಮಧ್ಯಾಹ್ನ ಖಾಲಿ ಪೆಟ್ಟಿಗೆಯೊಂದಿಗೆ ಬಂದು ಕೂರುತ್ತಿದ್ದ. ಲೀಲಾಮ್ಮ ವಾರದ ಸಂತೆಗೆ ಬಂದಾಗಲೆಲ್ಲ, ಬೆಟ್ಟದ ಹಳ್ಳಿಯ ಮುದುಕಿಯರಿದ್ದ ಅಮ್ಮಚ್ಚಿಯರ ಪುಸ್ತಕ ತೆರೆದು ಒಂದೇ ಪುಟ ನೋಡುತ್ತಿದ್ದರು. ಆ ಪುಟದ ಮುದುಕಿ ಊರಿನಲ್ಲಿ ಬಿಟ್ಟುಬಂದ ತಮ್ಮ ಅಮ್ಮನ ಹಾಗೆಯೇ ಮಂಡಿಯ ಮೇಲೆ ಗಲ್ಲ ಊರಿ ಕೂತಿದ್ದಳು. ಅಮ್ಮನ ಫೋಟೋ ಯಾರೂ ತೆಗೆದಿರಲಿಲ್ಲ.

ತೀರ್ಥರಾಮನಿಗೆ ಹೆಚ್ಚು ಇಷ್ಟವಾದದ್ದು ಕಾಯುವವರ ಪುಸ್ತಕ. ಯಾರೋ ಒಬ್ಬ ಮಹಾರಾಯ ಮೂವತ್ತು ವರ್ಷ ಒಂದೇ ಬಸ್‌ಸ್ಟಾಪಿನ ಎದುರು ನಿಂತು, ಬಸ್ಸಿಗೆ ಕಾಯುವವರನ್ನಷ್ಟೇ ತೆಗೆದದ್ದು. ಬಸ್ಸು ಒಂದು ಪುಟದಲ್ಲೂ ಇಲ್ಲ. “ನೋಡು ಶೀಲಾ,” ಎನ್ನುತ್ತಿದ್ದ, “ಇವರಲ್ಲಿ ಒಬ್ಬನಾದರೂ ದೊಡ್ಡ ಜನ ಉಂಟಾ? ಆದರೂ ಒಬ್ಬರಿಂದಲೂ ಕಣ್ಣು ತೆಗೀಲಿಕ್ಕೆ ಆಗುದಿಲ್ಲ.”

ಹೋದ ಜನವರಿಯಲ್ಲಿ ಒಂದು ದಿನ ಅವನು ಅದೇ ಪುಸ್ತಕ ಹಿಡಿದು ಬೆಂಚಿನಲ್ಲಿ ಕುಳಿತಿದ್ದ. ಅವಳು ಧೂಳು ಒರೆಸುತ್ತಿದ್ದಳು. ಕ್ಯಾಮರಾ ಸ್ಟ್ಯಾಂಡಿನ ಮೇಲೆ ಅವನ ಕಡೆಗೇ ಮುಖ ಮಾಡಿತ್ತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಒತ್ತದ ಗುಂಡಿಯ ಮೇಲೆ ಅವಳು ಬೆರಳಿಟ್ಟು ಕಾದಳು. ಐದು ನಿಮಿಷ ಆಗಿರಬಹುದು. “ಕಾಫಿ ಆಗಲಿಲ್ವಾ?” ಎಂದು ಕೇಳಲು ಅವನು ತಲೆಯೆತ್ತಿದಾಗ ಒತ್ತಿದಳು.

ಅವನು ಅದನ್ನು ಬಹಳ ಹೊತ್ತು ನೋಡಿದ್ದ. “ಸರಿ ಬಂದಿದೆ,” ಎಂದ. “ನನಗೆ ಇದೇ ಆಗಬಹುದು.”

“ಯಾತಕ್ಕೆ?”

“ಬೇಕಾದಾಗ.”

* * *

ಸ್ಟುಡಿಯೋದ ಶಟರ್ ಏಳುವ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿತು. ಕಾಯುತ್ತಿದ್ದವರು ತಿರುಗಿ ನೋಡಿದರು. ಸುಳ್ಯದ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲೇ ನಿಂತು, ಹಾರ್ನ್ ಹಾಕಬೇಡ ಎಂದು ಡ್ರೈವರಿಗೆ ಕೈಸನ್ನೆ ಮಾಡಿದ.

ಒಳಗೆ ನಿನ್ನೆಯ ಕಾಫಿ ಲೋಟ ಬೆಂಚಿನ ಮೇಲೆಯೇ ಇತ್ತು. ಲೀಲಾಮ್ಮ ಅದನ್ನೆತ್ತಿ ಹಿಂದಿನ ನಲ್ಲಿಯಲ್ಲಿ ತೊಳೆದು ಮಗುಚಿಟ್ಟರು. ಶೀಲಾವತಿ ಕಾಯುವವರ ಪುಸ್ತಕ ತೆಗೆದು ಕೊನೆಯಿಂದ ತೆರೆದಳು. ಮುಗಿದ ಮೇಲಿನ ಖಾಲಿ ಹಾಳೆಯಲ್ಲಿ ಆ ಫೋಟೋ ಅಂಟಿಸಿತ್ತು. ಅವನೇ ಪ್ರಿಂಟು ಹಾಕಿ, ಅಂಚು ಕತ್ತರಿಸಿ, ಉಳಿದ ಪುಟಗಳ ಅಳತೆಗೆ ಸರಿಯಾಗಿ ಅಂಟಿಸಿದ್ದ. ಅದು ಅಲ್ಲಿರುವುದು ಅವಳಿಗೆ ಗೊತ್ತಿತ್ತು. ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದು ಗೊತ್ತಿರಲಿಲ್ಲ. ಓದಿ ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡಳು.

“ಉಳಿದ ಪುಸ್ತಕಗಳನ್ನೂ ತನ್ನಿ ನವಾಝ್,” ಎಂದಳು ಬಾಗಿಲಲ್ಲಿ ನಿಂತಿದ್ದವನಿಗೆ. “ಎಲ್ಲವನ್ನೂ. ಕ್ಯಾಮರಾ ನಾನು ತರ್ತೇನೆ.”

ಜಗಲಿಯಲ್ಲಿ ತೀರ್ಥರಾಮನ ತಲೆಯ ಹತ್ತಿರ, ದೀಪದ ಪಕ್ಕ ಅವಳು ಒಂದು ಮಣೆ ಹಾಕಿ, ಪುಸ್ತಕವನ್ನು ಕೊನೆಯ ಪುಟಕ್ಕೆ ತೆರೆದು ಗೋಡೆಗೆ ಒರಗಿಸಿದಳು. ಅದು ನಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಗೋದಾವರಿ ಓಡಿ ಹೋಗಿ ಎರಡು ತೆಂಗಿನಕಾಯಿ ತಂದು ಎರಡೂ ಬದಿಗೆ ಒತ್ತು ಕೊಟ್ಟಳು.

ಜನ ಹತ್ತಿರ ಬಂದರು. ಬನಿಯನ್. ಹಣೆಯ ಮೇಲೆ ಏರಿಸಿದ ಕನ್ನಡಕ. ಸಿಡುಬಿನ ಎರಡು ಗುಳಿ. ಎದುರಿನ ಎರಡು ಹಲ್ಲಿಲ್ಲದ ಬಾಯಿ ಅರ್ಧ ತೆರೆದು, ಏನನ್ನೋ ಕೇಳುತ್ತಲೂ ಇದೆ, ಕೇಳುವ ಮೊದಲೇ ನಗುತ್ತಲೂ ಇದೆ. ನವಾಝ್ ಬಗ್ಗಿ ಕೆಳಗಿನ ಅಕ್ಷರಗಳನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ.

“‘ಬೆಳ್ಳಾರೆ. ಇವರು ಕಾಯುತ್ತಿರುವುದು ಬಸ್ಸಿಗಲ್ಲ, ಕಾಫಿಗೆ.’”

ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ. ಹೆಂಗಸರು ನಕ್ಕರು, ನಗುತ್ತಾ ಅತ್ತರು. ಹೋಟೆಲಿನವರು ಯಾರೂ ಹೇಳದೆ ಕಳಿಸಿದ್ದ ಚಹಾದ ಕೆಟಲು ಆಗ ಅಂಗಳಕ್ಕೆ ಬಂತು. ಅದನ್ನು ನೋಡಿ ಮತ್ತೊಮ್ಮೆ ನಕ್ಕರು.

ಮಹೇಶ್ವರ ಗೌಡರು ಮಾತ್ರ ದೂರ ನಿಂತಿದ್ದರು. “ಹನ್ನೊಂದು ಆಯಿತು,” ಎಂದರು. ಯಾರೂ ಅಲ್ಲಾಡಲಿಲ್ಲ. ಜನ ಏನು ನೋಡುತ್ತಿದ್ದಾರೆ ಎಂದು ಅವರೂ ಬಂದು ಕುತ್ತಿಗೆ ಚಾಚಿದರು. ಆಮೇಲೆ ಕುಕ್ಕರುಗಾಲಿನಲ್ಲಿ ಕುಳಿತರು.

“ಅಪ್ಪ,” ಎಂದರು.

ಅವರ ಅಪ್ಪ ತೀರಿಹೋಗಿ ಐವತ್ತು ವರ್ಷ ದಾಟಿತ್ತು. ಒಂದು ಫೋಟೋ ಇರಲಿಲ್ಲ.

“ಅಪ್ಪನೇ. ಹೀಗೆಯೇ ಬಾಯಿ ಬಿಡ್ತಿದ್ದದ್ದು. ಎಂತಾದರೂ ಕೇಳುದಿದ್ದರೆ ಮೊದಲು ನಗುದು.” ಅವರು ಬೆರಳಿನಿಂದ ಚಿತ್ರವನ್ನು ಮುಟ್ಟಲು ಹೋಗಿ, ಚಟ್ಟದ ಮಣ್ಣು ಹತ್ತಿದ ಕೈಯನ್ನು ಹಿಂದೆಗೆದುಕೊಂಡರು.

“ಮುಟ್ಟಿ ಭಾವ,” ಎಂದಳು ಶೀಲಾವತಿ. “ಆ ಪುಸ್ತಕಕ್ಕೆ ಕೈ ತೊಳೆಯುವ ಕ್ರಮ ಇಲ್ಲ.”

ಹಿಂದೆ ಸ್ಕೂಟರ್ ಸ್ಟಾರ್ಟ್ ಆದ ಸದ್ದು ಕೇಳಿತು. ಅಂಗಳದ ತೆಂಗಿನ ಮರಗಳ ನಡುವೆ ಕಟ್ಟಿದ್ದ ಫ್ಲೆಕ್ಸ್ ಇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ರೂಪೇಶ ವಾಪಸು ಬಂದ. ಕಾಲಿನ ನಡುವೆ ಸುರುಳಿ ಸುತ್ತಿದ ಎರಡು ಫ್ಲೆಕ್ಸ್, ಕುತ್ತಿಗೆಯಲ್ಲಿ ಬಿಚ್ಚಿದ ಹಗ್ಗಗಳು. ಮೂರನ್ನೂ ಜಗಲಿಯ ಕೆಳಗೆ ಇಟ್ಟು, ಯಾರ ಮುಖವನ್ನೂ ನೋಡದೆ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಬಂದು ಬೆಂಕಿಯ ಮಡಕೆ ಎತ್ತಿದ.

“ಈಗ ಎತ್ತಿ,” ಎಂದಳು ಶೀಲಾವತಿ.

ಚಟ್ಟ ರಸ್ತೆಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಶೀಲಾವತಿ ಸ್ಟುಡಿಯೋದ ಶಟರಿನ ಪಕ್ಕ ನಿಂತು ಕಣ್ಣು ಹೋಗುವಷ್ಟು ದೂರ ನೋಡಿದಳು.

* * *

ಗಂಡಸರು ಹೊಳೆಯಲ್ಲಿ ಮಿಂದು ಬರುವಾಗ ಎರಡು ಗಂಟೆಯ ಬಿಸಿಲು. ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಗೋದಾವರಿ ತನ್ನ ಮನೆಯಲ್ಲಿ ಗಂಜಿ ಬೇಯಿಸಿ, ಉಪ್ಪಿನಕಾಯಿಯ ಭರಣಿಯ ಸಮೇತ ತಂದಿಟ್ಟಿದ್ದಳು. ಕುರ್ಚಿ ನಾಲ್ಕೇ ಇದ್ದವು. ಕುಳಿತುಕೊಳ್ಳಲು ಏನು ಹಾಸುವುದೆಂದು ಅವಳು ಅತ್ತಿತ್ತ ನೋಡಿದಳು.

“ಅದನ್ನು ಹಾಸು,” ಎಂದಳು ಶೀಲಾವತಿ, ಜಗಲಿಯ ಕೆಳಗಿನ ಸುರುಳಿಗಳನ್ನು ತೋರಿಸಿ.

“ಅಯ್ಯೋ ಅಕ್ಕ. ತೀರ್ಥಣ್ಣನ ಮುಖದ ಮೇಲೆ ಕೂರುದಾ?”

“ಅದು ಇವರ ಮುಖ ಅಲ್ಲ ಅಂತ ಬೆಳಿಗ್ಗೆಯೇ ಹೇಳಲಿಲ್ವಾ? ಕೋಟು ಹಾಕಿದವನು ನೆಲ ನೋಡಲಿ. ಮಗುಚಿ ಹಾಸು.”

ಯಾರೂ ಮುಂದೆ ಬರಲಿಲ್ಲ. ಕಡೆಗೆ ರೂಪೇಶನೇ ಬಂದ. ಒಂದು ಸುರುಳಿ ಬಿಚ್ಚಿ, ತಾನು ಮಾಡಿದ ಮುಖವನ್ನು ಒಮ್ಮೆ ನೋಡಿದ. “ಕುತ್ತಿಗೆ ಸರಿಯಾಗಿ ಕೂರಲಿಲ್ಲ,” ಎಂದ ತನಗೇ ಎಂಬಂತೆ. ಮಗುಚಿ ಹಾಸಿದ. ಉಳಿದ ಎರಡನ್ನೂ ಹಾಸಿದ. ಅಂಗಳದ ತುಂಬ ಬಿಳಿ ಬಿದ್ದಿತು. ಬಿಸಿಲಿಗೆ ಕಣ್ಣು ಕಿರಿದು ಮಾಡುವಷ್ಟು ಬಿಳಿ, ಉಪ್ಪಿನ ಗದ್ದೆಯ ಹಾಗೆ.

ಅದರ ಮೇಲೆ ಅವರು ಒಬ್ಬೊಬ್ಬರಾಗಿ ಕುಳಿತರು, ಒದ್ದೆ ತಲೆಯವರು, ಬರಿ ಮೈಯವರು. ಗಂಜಿ ಕುಡಿದಾದ ಮೇಲೂ ಯಾರೂ ಏಳಲಿಲ್ಲ. ಜಗಲಿಯಲ್ಲಿ ಒಟ್ಟಿದ್ದ ಪುಸ್ತಕಗಳಲ್ಲಿ ನವಾಝ್ ಮೊದಲು ತನ್ನದನ್ನು ಎತ್ತಿಕೊಂಡ. ಆಮೇಲೆ ಲೀಲಾಮ್ಮ. ಆಮೇಲೆ ಉಳಿದವರು, ನಿನ್ನದು ಯಾವುದು, ನನ್ನದು ಯಾವುದು ಎಂದು ಕೇಳಿಕೊಳ್ಳುತ್ತಾ. ಗೋದಾವರಿಯ ಮಡಿಲಿಗೆ ಉಪ್ಪಿನ ಪುಸ್ತಕ ಬಂತು. ಯಾರೋ ಪುಟ ತಿರುವಿ ಪಕ್ಕದವನ ಮೊಣಕೈ ತಿವಿದು ತೋರಿಸಿದರು. ಮಾತು ಕಡಿಮೆಯಾಗುತ್ತಾ ಬಂದು ಪುಟಗಳ ಸದ್ದಷ್ಟೇ ಉಳಿಯಿತು.

ಮಹೇಶ್ವರ ಗೌಡರಿಗೆ ಕುರ್ಚಿ ಇಟ್ಟಿದ್ದರು. ಅವರು ಕುರ್ಚಿ ಬಿಟ್ಟು ಕೆಳಗೆ ಕುಳಿತು, ಕಾಯುವವರ ಪುಸ್ತಕವನ್ನು ಮೊದಲ ಪುಟದಿಂದ ನೋಡುತ್ತಿದ್ದರು. ಒಬ್ಬೊಬ್ಬರನ್ನೂ, ಅವಸರವಿಲ್ಲದೆ.

ಜಗಲಿಯ ಕಂಬಕ್ಕೆ ಒರಗಿ ಶೀಲಾವತಿ ಕ್ಯಾಮರಾವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗಂಡನ ಬೂದಿ ಆರುವ ಮೊದಲು ಇದೇನು ಎಂದು ಮೂಲೆಯಲ್ಲಿದ್ದ ಹೆಂಗಸೊಬ್ಬಳ ಹುಬ್ಬು ಮೇಲೆ ಹೋಗಿದ್ದನ್ನು ಅವಳು ನೋಡಿದಳು. ಕ್ಯಾಮರಾ ಎತ್ತಿ ಕಣ್ಣಿಗೆ ಹಿಡಿದಳು. ಹಿಡಿದು ಕಾದಳು. ಮೊಣಕೈಯನ್ನು ಮೊಣಕಾಲಿಗೆ ಊರಿದಳು.

ಪುಟಗಳು ತಿರುಗಿದವು. ತೆಂಗಿನ ಗರಿಯ ನೆರಳು ಬಿಳಿಯ ಮೇಲೆ ಒಂದು ಗೇಣು ಸರಿಯಿತು.

ಮಹೇಶ್ವರ ಗೌಡರು ಕೊನೆಯ ಪುಟಕ್ಕೆ ಬಂದರು. ಕೈ ಅಲ್ಲೇ ನಿಂತಿತು. ಆಮೇಲೆ ಬಾಯಿ ಅರ್ಧ ತೆರೆದು, ಅವಳಲ್ಲಿ ಏನನ್ನೋ ಕೇಳಲು ತಲೆಯೆತ್ತಿದರು.

ಶೀಲಾವತಿ ಗುಂಡಿ ಒತ್ತಿದಳು.